ನೊಣಗಳ ವಂಶವೃಕ್ಷ ಮತ್ತು ಜೀನ್ ಸಾಕ್ಷ್ಯ

ನೊಣ, ಸೊಳ್ಳೆ, ಗುಂಗುರು, ಮರಳುನೊಣ, ಹೂನೊಣ ಮೊದಲಾದ ಎರಡು ರೆಕ್ಕೆಯ ಕೀಟಗಳೆಲ್ಲ ಡಿಪ್ಟೆರ ಗಣಕ್ಕೆ ಸೇರುತ್ತವೆ. ಇವುಗಳ ಹಿಂದಿನ ಜೋಡಿ ರೆಕ್ಕೆ ಕುಗ್ಗಿ, ತುದಿಯಲ್ಲಿ ಗುಂಡುಳ್ಳ ಪುಟ್ಟ ಕಡ್ಡಿಯಾಗಿ ಉಳಿದಿದೆ. ಹಾಲ್ಟಿಯರ್ ಎಂಬ ಈ ಅಂಗ ಹಾರುವಾಗ ಮೈ ಎತ್ತ ತಿರುಗಿತೆಂಬುದನ್ನು ಗ್ರಹಿಸಿ ಸಮತೋಲ ಕಾಯುತ್ತದೆ. ಹೆಸರು ಪಡೆದ ಪ್ರಭೇದಗಳೇ ಸುಮಾರು 1,60,000, ಕುಟುಂಬಗಳು 150ಕ್ಕೂ ಹೆಚ್ಚು. ಇವುಗಳಲ್ಲಿ ಯಾವುದಕ್ಕೆ ಯಾವುದು ಹತ್ತಿರದ ನಂಟು, ಯಾವ ಕವಲು ಯಾವ ಕಾಲದಲ್ಲಿ ಒಡೆಯಿತು ಎಂಬುದನ್ನು 1980ರ ದಶಕದ ಕೊನೆಯಿಂದ ಡಿಎನ್‌ಎ ಅನುಕ್ರಮಗಳನ್ನು ಹೋಲಿಸಿ ಹುಡುಕಲಾಗುತ್ತಿದೆ. ಅಂಗರಚನೆ ನೋಡಿ ಕಟ್ಟಿದ ಹಳೆಯ ವರ್ಗೀಕರಣವನ್ನು ಜೀನುಗಳು ಬಂದು ಉರುಳಿಸಿದವು ಎಂದು ಈ ಚರಿತ್ರೆಯನ್ನು ಹೇಳುವ ರೂಢಿಯಿದೆ, ಅದು ಅರ್ಧಸತ್ಯ. ಹಳೆಯದರಲ್ಲಿ ಬಹುಪಾಲು ನಿಂತಿತು. ಕೆಲವು ದೊಡ್ಡ ಗುಂಪುಗಳು ಒಡೆದವು. ಜೀನ್ ಸಾಕ್ಷ್ಯವೂ ತನ್ನದೇ ರೀತಿಯಲ್ಲಿ ದಾರಿ ತಪ್ಪಿಸಬಲ್ಲದು ಎಂಬ ಪಾಠವನ್ನು ಜೀವವಿಜ್ಞಾನ ಕಲಿತದ್ದಂತೂ ಬಹುಮಟ್ಟಿಗೆ ನೊಣಗಳಿಂದಲೇ.

ಡಿಎನ್‌ಎಗೆ ಮುಂಚೆ

ಹತ್ತೊಂಬತ್ತನೆಯ ಶತಮಾನದಿಂದ ಡಿಪ್ಟೆರವನ್ನು ಎರಡು ಪಾಲಾಗಿ ನೋಡುವುದು ವಾಡಿಕೆ. ಹಲವು ಗೆಣ್ಣಿನ ಉದ್ದನೆಯ ಕುಡಿಮೀಸೆ, ತೆಳ್ಳನೆಯ ಮೈ ಇರುವ ಸೊಳ್ಳೆ, ಗುಂಗುರುಗಳದ್ದು ನೆಮಟೊಸೆರ. ಮೋಟು ಕುಡಿಮೀಸೆಯ ಗಟ್ಟಿಮುಟ್ಟಾದ ಕೀಟಗಳದ್ದು ಬ್ರಾಕಿಸೆರ. ದನಗಳ ರಕ್ತ ಹೀರುವ ಟಬಾನಸ್, ಹೂನೊಣ, ಮನೆನೊಣ ಎಲ್ಲವೂ ಇದರಲ್ಲಿವೆ. ಬ್ರಾಕಿಸೆರದೊಳಗೆ, ಮರಿಹುಳುವಿನ ಕೊನೆಯ ಚರ್ಮವೇ ಗಟ್ಟಿಯಾಗಿ ಕೋಶವಾಗುವ ಗುಂಪು ಸೈಕ್ಲೊರಾಫ. ಅದರೊಳಗಿನ ಸ್ಕೈಜೊಫೊರದಲ್ಲಿ ನೊಣ ಹೊರಬರುವಾಗ ಹಣೆಯಿಂದ ಒಂದು ಚೀಲ ಉಬ್ಬಿ ಕೋಶದ ತುದಿಯನ್ನು ಒತ್ತಿ ತೆರೆಯುತ್ತದೆ; ಕೆಲಸ ಮುಗಿದ ಮೇಲೆ ಚೀಲ ಒಳಸರಿದು ಮುಖದ ಮೇಲೆ ಒಂದು ಗೀರು ಮಾತ್ರ ಉಳಿಯುತ್ತದೆ. ಸ್ಕೈಜೊಫೊರದ ಪ್ರಭೇದಗಳು 50,000ಕ್ಕೂ ಹೆಚ್ಚು.

ಈ ಗುಂಪುಗಳನ್ನು ಪ್ರಶ್ನಿಸುವ ತರ್ಕವೂ ನೊಣ ತಜ್ಞರೊಬ್ಬರಿಂದಲೇ ಬಂತು. ಜರ್ಮನಿಯ ವಿಲ್ಲಿ ಹೆನ್ನಿಗ್ (1913–1976) ಡಿಪ್ಟೆರದ ಮರಿಹುಳುಗಳ ಬಗ್ಗೆ ಬೃಹತ್ ಗ್ರಂಥ ಬರೆದವರು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯಲ್ಲಿ ಮಲೇರಿಯಾ ನಿಯಂತ್ರಣದ ಕೆಲಸದಲ್ಲಿದ್ದು, 1945ರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗ ವಂಶಸಂಬಂಧದ ಸಿದ್ಧಾಂತದ ಕರಡು ಸಿದ್ಧಪಡಿಸಿದರು. ಅದು 1950ರಲ್ಲಿ ಜರ್ಮನ್ ಭಾಷೆಯಲ್ಲಿ, ಮುಂದೆ ಪರಿಷ್ಕರಣಗೊಂಡು 1966ರಲ್ಲಿ ಇಂಗ್ಲಿಷಿನಲ್ಲಿ ಬಂತು. ಹೆನ್ನಿಗ್ ಹೇಳಿದ್ದು ಸರಳ: ಎರಡು ಗುಂಪುಗಳು ಹಂಚಿಕೊಂಡ ಎಲ್ಲ ಲಕ್ಷಣಗಳೂ ನಂಟಿನ ಸಾಕ್ಷಿಯಲ್ಲ; ಪೂರ್ವಜರಲ್ಲಿ ಹೊಸದಾಗಿ ಮೂಡಿ ಅವೆರಡಕ್ಕೂ ಬಂದ ಲಕ್ಷಣಗಳು ಮಾತ್ರ ಸಾಕ್ಷಿ. ಉದ್ದನೆಯ ಕುಡಿಮೀಸೆ ಮೂಲ ಡಿಪ್ಟೆರಗಳಲ್ಲೇ ಇದ್ದದ್ದು, ಆದ್ದರಿಂದ ಅದನ್ನು ಉಳಿಸಿಕೊಂಡವುಗಳೆಲ್ಲ ಒಂದೇ ಕವಲು ಎನ್ನಲು ಆಧಾರವಿಲ್ಲ. ನೆಮಟೊಸೆರದ ಏಕತೆ ಹೀಗೆ ಡಿಎನ್‌ಎ ಬರುವ ಮುಂಚೆಯೇ ಸಂಶಯಕ್ಕೆ ಬಿದ್ದಿತ್ತು. 1996ರಲ್ಲಿ ಎದೆಭಾಗದ ಸ್ನಾಯುಗಳನ್ನು ಮತ್ತು ಕವಚವನ್ನು ಪರೀಕ್ಷಿಸಿದ ಮಿಕೆಲ್ಸನ್, ಬ್ರಾಕಿಸೆರಕ್ಕೆ ಹತ್ತಿರದ ನಂಟು ಅಣಬೆಗಳಲ್ಲಿ ಬೆಳೆಯುವ ಗುಂಗುರುಗಳ ಬಿಬಿಯೊನೊಮಾರ್ಫ ಗುಂಪು ಎಂದು ಸೂಚಿಸಿ, ಎರಡನ್ನೂ ಸೇರಿಸಿ ನಿಯೊಡಿಪ್ಟೆರ ಎಂಬ ಹೆಸರಿಟ್ಟರು. ಮುಂದೆ ಜೀನುಗಳು ಇದನ್ನು ಎತ್ತಿಹಿಡಿದವು. ಅಂದರೆ ಅಣಬೆ ಗುಂಗುರಿಗೆ ಸೊಳ್ಳೆಗಿಂತ ಮನೆನೊಣವೇ ಹತ್ತಿರ, ನೋಟಕ್ಕೆ ಅದು ಸೊಳ್ಳೆಯನ್ನೇ ಹೋಲಿದರೂ.

ಪಟ್ಟೆಗಳ ಸಾಕ್ಷಿ

ಆನುವಂಶಿಕ ಮಾಹಿತಿಯಿಂದ ವಂಶವೃಕ್ಷ ಕಟ್ಟುವ ಕೆಲಸ ಡಿಎನ್‌ಎಯ ರಚನೆ ತಿಳಿಯುವುದಕ್ಕೆ ಬಹಳ ಹಿಂದೆಯೇ ಶುರುವಾಯಿತು. ಡ್ರೊಸೊಫಿಲ ಎಂಬ ಹಣ್ಣುನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ಕೋಶಗಳಲ್ಲಿ ವರ್ಣತಂತುಗಳು ವಿಭಜನೆಯಾಗದೆ ಮತ್ತೆ ಮತ್ತೆ ನಕಲಾಗಿ ದಪ್ಪಗಾಗುತ್ತವೆ. ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಅವುಗಳ ಮೇಲಿನ ನೂರಾರು ಅಡ್ಡಪಟ್ಟೆಗಳು ಕಾಣುತ್ತವೆ. ವರ್ಣತಂತುವಿನ ಒಂದು ತುಂಡು ಕಳಚಿ ತಿರುವುಮುರುವಾಗಿ ಕೂತರೆ ಪಟ್ಟೆಗಳ ಸರಣಿ ಅಲ್ಲಿ ಹಿಂದುಮುಂದಾಗಿರುತ್ತದೆ. 1936ರಲ್ಲಿ ಆಲ್ಫ್ರೆಡ್ ಸ್ಟರ್ಟೆವಂಟ್ ಮತ್ತು ಥಿಯೊಡೋಸಿಯಸ್ ಡೊಬ್ಜಾನ್ಸ್ಕಿ ಡ್ರೊಸೊಫಿಲ ಸ್ಯೂಡೊಅಬ್ಸ್ಕ್ಯುರದ ಮೂರನೆಯ ವರ್ಣತಂತುವಿನ ಇಂಥ ಮಗುಚುವಿಕೆಗಳನ್ನು ಹೋಲಿಸಿ ವಂಶಾವಳಿ ಬರೆದರು. ಒಂದರ ಮೇಲೊಂದು ಚಾಚಿಕೊಂಡ ಮಗುಚುವಿಕೆಗಳಿದ್ದರೆ, ಮೊದಲನೆಯ ಸರಣಿಯಿಂದ ಮೂರನೆಯದಕ್ಕೆ ಹೋಗಲು ಎರಡನೆಯದರ ಮೂಲಕವೇ ಹಾದುಹೋಗಬೇಕು. ಪಯಣ ಯಾವ ತುದಿಯಿಂದ ಶುರುವಾಯಿತೆಂದು ಮಾತ್ರ ಇದರಿಂದ ತಿಳಿಯುವುದಿಲ್ಲ. ಎರಡು ಸರಣಿಗಳನ್ನು ಜೋಡಿಸಲು ನಡುವೆ ಒಂದು ಕೊಂಡಿ ಬೇಕಾದಾಗ, ಯಾರೂ ನೋಡಿರದ ಆ ಸರಣಿಗೆ ಅವರು ‘ಹೈಪೊಥೆಟಿಕಲ್’ ಎಂದೇ ಹೆಸರಿಟ್ಟರು. ಕಾಣದ ಪೂರ್ವಜನನ್ನು ತರ್ಕದಿಂದ ಊಹಿಸುವ ಈ ಧೈರ್ಯ ಇಂದಿನ ಗಣಕ ವಿಧಾನಗಳ ತಿರುಳಾಗಿಯೂ ಉಳಿದಿದೆ.

ಹ್ಯಾಂಪ್ಟನ್ ಕಾರ್ಸನ್ ಇದೇ ವಿಧಾನದಿಂದ ಹವಾಯಿ ದ್ವೀಪಗಳ ಚಿತ್ರರೆಕ್ಕೆಯ ಡ್ರೊಸೊಫಿಲಗಳ ವಂಶಾವಳಿ ಕಟ್ಟಿ, ಹಳೆಯ ದ್ವೀಪದಿಂದ ಹೊಸ ದ್ವೀಪಕ್ಕೆ ಅವು ದಾಟಿದ ಹಾದಿಯನ್ನು ಗುರುತಿಸಿದರು. ಮುಂದೆ ಡಿಎನ್‌ಎ ಅಳತೆ ಹವಾಯಿಯ ಡ್ರೊಸೊಫಿಲ ಬಳಗದ ಮೂಲವನ್ನು ಸುಮಾರು 2.5 ಕೋಟಿ ವರ್ಷ ಹಿಂದಕ್ಕೆ ಒಯ್ದಾಗ ಒಂದು ಒಗಟು ಎದ್ದಿತು: ಈಗಿರುವ ಎತ್ತರದ ದ್ವೀಪಗಳಲ್ಲಿ ಹಳೆಯದಾದ ಕವಾಯಿಗೇ ಸುಮಾರು 50 ಲಕ್ಷ ವರ್ಷ. ಈಗ ಸವೆದು ಕಡಲಿನ ಮಟ್ಟಕ್ಕೆ ಇಳಿದಿರುವ ಹಿಂದಿನ ದ್ವೀಪಗಳಲ್ಲಿ ಇವು ಮೊದಲು ನೆಲೆಸಿದ್ದವು ಎಂಬುದೇ ಒಪ್ಪಿತ ಉತ್ತರ.

ಈ ಪರಂಪರೆಯ ಒಂದು ಕವಲು ಮೈಸೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ದಶಕಗಳಿಂದ ಡ್ರೊಸೊಫಿಲ ತಳಿಗಳ ಸಂಗ್ರಹ ಸಾಕಿಕೊಂಡು ಬಂದಿದೆ. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ನಸೂಟ ಉಪಗುಂಪಿನ ಮೇಲೆ ನಡೆಸಿದ ಕೆಲಸ ಹೆಸರಾದದ್ದು. ಈ ಉಪಗುಂಪಿನ ಎರಡು ಪ್ರಭೇದಗಳ ಪೈಕಿ ನಸೂಟದಲ್ಲಿ 8 ವರ್ಣತಂತುಗಳು, ಆಲ್ಬೊಮಿಕನ್ಸ್‌ನಲ್ಲಿ 6. ಎರಡನೆಯದರಲ್ಲಿ ಲಿಂಗ ನಿರ್ಧರಿಸುವ ವರ್ಣತಂತುಗಳಿಗೆ ಮೂರನೆಯ ವರ್ಣತಂತು ಬೆಸೆದುಕೊಂಡಿದೆ. ಪ್ರಯೋಗಾಲಯದಲ್ಲಿ ಇವೆರಡನ್ನು ಕೂಡಿಸಿದರೆ ಸಂತಾನಶಕ್ತಿಯುಳ್ಳ ಮಿಶ್ರತಳಿ ಹುಟ್ಟುತ್ತದೆ. ಅದನ್ನು ತಲೆಮಾರುಗಟ್ಟಲೆ ಸಾಕಿದಾಗ ಎರಡೂ ತಳಿಗಳಲ್ಲಿಲ್ಲದ ಹೊಸ ವರ್ಣತಂತು ವಿನ್ಯಾಸಗಳು ನೆಲೆಗೊಂಡವು. ಇವುಗಳನ್ನು ಸೈಟೊರೇಸ್ ಎಂದು ಕರೆದರು. ಗಾಜಿನ ಬಾಟಲಿಯೊಳಗೆ, ಸಂಶೋಧಕರ ಸೇವಾವಧಿಯಲ್ಲೇ ಇಷ್ಟು ಬದಲಾಗುವ ವರ್ಣತಂತು ವಿನ್ಯಾಸವನ್ನೇ ನಂಬಿ ನಂಟಿನ ಹಳಮೆಯನ್ನು ಅಳೆಯುವುದು ಎಷ್ಟು ಅಪಾಯವೆಂಬುದಕ್ಕೂ ಇದೇ ನಿದರ್ಶನ. ಹೊಸ ಲಿಂಗ ವರ್ಣತಂತುಗಳು ಹೇಗೆ ರೂಪುಗೊಳ್ಳುತ್ತವೆಂದು ತಿಳಿಯಲು ಆಲ್ಬೊಮಿಕನ್ಸ್‌ನ ಇಡೀ ಜೀನೋಮನ್ನು 2012ರಲ್ಲಿ ಓದಲಾಯಿತು.

ಅಕ್ಷರಗಳನ್ನು ಹೋಲಿಸುವ ಬಗೆ

ಹಳಗನ್ನಡ ಕಾವ್ಯವೊಂದರ ಓಲೆಗರಿ ಪ್ರತಿಗಳನ್ನು ಎದುರಿಟ್ಟುಕೊಂಡ ಸಂಪಾದಕರು ಲಿಪಿಕಾರರ ತಪ್ಪುಗಳನ್ನು ಹಿಡಿದು ಯಾವ ಪ್ರತಿ ಯಾವುದರಿಂದ ಇಳಿಯಿತೆಂದು ಗುರುತಿಸುತ್ತಾರೆ. ಡಿಎನ್‌ಎ ಹೋಲಿಕೆಯ ತರ್ಕವೂ ಅದೇ, ಆದರೆ ಅಕ್ಷರ ನಾಲ್ಕೇ. ಇದು ಸಣ್ಣ ವ್ಯತ್ಯಾಸವಲ್ಲ. ಒಂದೇ ಜಾಗದಲ್ಲಿ ಎರಡು ಕವಲುಗಳು ಪ್ರತ್ಯೇಕವಾಗಿ ಬದಲಾದರೂ ಒಂದೇ ಅಕ್ಷರಕ್ಕೆ ಬಂದು ನಿಲ್ಲುವ ಸಂಭವ ದೊಡ್ಡದು. ಬದಲಾದದ್ದು ಮತ್ತೆ ಮೊದಲಿನಂತಾದರೆ ಗುರುತೇ ಉಳಿಯುವುದಿಲ್ಲ.

ಮೊದಲ ಅಧ್ಯಯನಗಳು ರೈಬೋಸೋಮ್‌ನ ಆರ್‌ಎನ್‌ಎ ತಯಾರಿಸುವ 18ಎಸ್, 28ಎಸ್ ಜೀನುಗಳನ್ನು ಆರಿಸಿಕೊಂಡವು. ಎಲ್ಲ ಪ್ರಾಣಿಗಳಲ್ಲೂ ಅವು ಇವೆ, ಒಂದು ಕೋಶದಲ್ಲಿ ನೂರಾರು ಪ್ರತಿಗಳಿರುವುದರಿಂದ ಹಿಡಿಯಲು ಸುಲಭ. ಮೈಟೋಕಾಂಡ್ರಿಯಾದ ಜೀನುಗಳೂ ಹಾಗೆಯೇ ಕೈಗೆ ಸಿಗುತ್ತವೆ, ಆದರೆ ಬೇಗ ಬದಲಾಗುತ್ತವೆ. ಹತ್ತಿರದ ಪ್ರಭೇದಗಳನ್ನು ಬಿಡಿಸಲು ಸರಿ, ಹತ್ತಾರು ಕೋಟಿ ವರ್ಷಗಳ ಹಿಂದಿನ ಕವಲಿಗೆ ಸಾಲದು. ಆಗ ಒಂದೇ ಪ್ರತಿಯಿರುವ, ಪ್ರೋಟೀನ್ ತಯಾರಿಸುವ ಜೀನುಗಳತ್ತ ಗಮನ ಹರಿಯಿತು. ಡ್ರೊಸೊಫಿಲ ತಳಿವಿಜ್ಞಾನದಲ್ಲಿ ‘ರುಡಿಮೆಂಟರಿ’ ಎಂಬ ಹೆಸರಿನಿಂದ ಮೊದಲೇ ಪರಿಚಿತವಾಗಿದ್ದ ಸಿಎಡಿ ಜೀನ್ ಇವುಗಳಲ್ಲಿ ಹೆಚ್ಚು ಫಲ ಕೊಟ್ಟಿತು. ಈಗಿನ ವಾಡಿಕೆ ಬೇರೆ. ತಾಜಾ ನೊಣದ ಆರ್‌ಎನ್‌ಎ ಪೂರ್ತಿ ಓದಿ ಸಾವಿರಾರು ಜೀನುಗಳನ್ನು ಒಟ್ಟಿಗೆ ಪಡೆಯುತ್ತಾರೆ; ಇಲ್ಲವೇ ಮೊದಲೇ ಆರಿಸಿದ ನೂರಾರು ತುಣುಕುಗಳಿಗೆ ಅಂಟಿಕೊಳ್ಳುವ ಡಿಎನ್‌ಎ ಗಾಳಗಳನ್ನು ತಯಾರಿಸಿ ಮಾದರಿಯಿಂದ ಅವನ್ನೇ ಎತ್ತಿಕೊಳ್ಳುತ್ತಾರೆ. ಎರಡನೆಯ ವಿಧಾನದ ದೊಡ್ಡ ಗುಣವೆಂದರೆ ಸಂಗ್ರಹಾಲಯದಲ್ಲಿ ಗುಂಡುಸೂಜಿಗೆ ಚುಚ್ಚಿಟ್ಟ ಹಳೆಯ ನೊಣಗಳಲ್ಲೂ ಅದು ಕೆಲಸ ಮಾಡುತ್ತದೆ.

ಸಂಗ್ರಹಿಸಿದ ಅನುಕ್ರಮಗಳಿಂದ ಮರ ಕಟ್ಟುವಾಗ, ಅತಿ ಕಡಿಮೆ ಬದಲಾವಣೆ ಬೇಡುವ ಮರವನ್ನು ಆರಿಸುವುದು ಒಂದು ಬಗೆ. ಅಕ್ಷರಗಳು ಯಾವ ವೇಗದಲ್ಲಿ ಹೇಗೆ ಬದಲಾಗುತ್ತವೆಂಬ ಗಣಿತ ಮಾದರಿಯೊಂದನ್ನು ಇಟ್ಟುಕೊಂಡು, ಕೈಯಲ್ಲಿರುವ ಮಾಹಿತಿಯನ್ನು ಹೆಚ್ಚು ಸಂಭವನೀಯ ಮಾಡುವ ಮರವನ್ನು ಹುಡುಕುವುದು ಇನ್ನೊಂದು. ಅಮೆರಿಕದ ಜೋಸೆಫ್ ಫೆಲ್ಸೆನ್‌ಸ್ಟೀನ್ 1978ರಲ್ಲಿ ಮೊದಲನೆಯ ಬಗೆಯ ಒಂದು ದೋಷವನ್ನು ಗಣಿತದಿಂದ ತೋರಿಸಿದರು. ಎರಡು ಕವಲುಗಳು ಉಳಿದವುಗಳಿಗಿಂತ ಬಹಳ ವೇಗವಾಗಿ ಬದಲಾಗಿದ್ದರೆ, ಆಕಸ್ಮಿಕ ಹೋಲಿಕೆಗಳು ಕೂಡಿಕೊಂಡು ಆ ಎರಡನ್ನೂ ನಂಟರೆಂದು ತೋರಿಸುತ್ತವೆ. ಮಾಹಿತಿ ಹೆಚ್ಚಿಸಿದಷ್ಟೂ ತಪ್ಪು ಉತ್ತರದ ಮೇಲಿನ ವಿಶ್ವಾಸವೂ ಹೆಚ್ಚುತ್ತದೆ. ಉದ್ದ ಕವಲುಗಳ ಸೆಳೆತ ಎಂದು ಹೆಸರಾದ ಈ ದೋಷ ಇಪ್ಪತ್ತು ವರ್ಷ ಬಹುಮಟ್ಟಿಗೆ ಗಣಿತದ ಮಾತಾಗಿಯೇ ಇತ್ತು. ಅದಕ್ಕೆ ಜೀವಂತ ಉದಾಹರಣೆ ಒದಗಿಸಿದ್ದು ನೊಣ.

ಸ್ಟ್ರೆಪ್ಸಿಪ್ಟೆರ ವಿವಾದ

ಸ್ಟ್ರೆಪ್ಸಿಪ್ಟೆರ ಎಂಬ ಸಣ್ಣ ಗಣದ ಕೀಟಗಳು ಜೇನು, ಕಣಜ, ಜಿಗಿಹುಳು ಮೊದಲಾದವುಗಳ ಮೈಯೊಳಗೆ ಪರಾವಲಂಬಿಗಳಾಗಿ ಬೆಳೆಯುತ್ತವೆ. ಹೆಚ್ಚಿನವುಗಳಲ್ಲಿ ಹೆಣ್ಣು ಆಶ್ರಯ ಕೀಟವನ್ನು ಬಿಟ್ಟು ಹೊರಬರುವುದೇ ಇಲ್ಲ. ಗಂಡಿಗೆ ಹಾರಲು ಒಂದೇ ಜೋಡಿ ರೆಕ್ಕೆ. ಇನ್ನೊಂದು ಜೋಡಿ ಹಾಲ್ಟಿಯರ್‌ನಂತೆ ಕುಗ್ಗಿ ಅದರಂತೆಯೇ ಕೆಲಸ ಮಾಡುತ್ತದೆ. ನೊಣದಲ್ಲಿ ಹಿಂದಿನ ಜೋಡಿ ಕುಗ್ಗಿದ್ದರೆ ಇವುಗಳಲ್ಲಿ ಮುಂದಿನದು. ಇವು ಜೀರುಂಡೆಗಳ ನಂಟರೆಂಬ ಅಭಿಪ್ರಾಯ ಹಿಂದಿನಿಂದ ಇತ್ತು.

ಮೈಕೆಲ್ ವೈಟಿಂಗ್ ಮತ್ತು ಸಹೋದ್ಯೋಗಿಗಳು 18ಎಸ್, 28ಎಸ್ ಜೀನುಗಳನ್ನು ಓದಿದಾಗ ಸ್ಟ್ರೆಪ್ಸಿಪ್ಟೆರ ಬಂದು ಡಿಪ್ಟೆರದ ಪಕ್ಕದಲ್ಲಿ ನಿಂತಿತು. 1994ರ ಪ್ರಬಂಧದಲ್ಲಿ ವೈಟಿಂಗ್ ಮತ್ತು ವಾರ್ಡ್ ವೀಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎದೆಯ ಎರಡನೆಯ, ಮೂರನೆಯ ಖಂಡಗಳ ಗುರುತನ್ನು ಅದಲುಬದಲು ಮಾಡುವ ಒಂದೇ ಜೀನ್ ಮಾರ್ಪಾಟು ಹಾಲ್ಟಿಯರ್‌ಗಳನ್ನು ಹಿಂದಿನಿಂದ ಮುಂದಕ್ಕೆ ತಂದಿರಬಹುದು ಎಂದರು. ಇಂಥ ಮಾರ್ಪಾಟು ಕಲ್ಪನೆಯಲ್ಲ; ಹಾಲ್ಟಿಯರ್ ಬರಬೇಕಾದಲ್ಲಿ ಎರಡನೆಯ ಜೋಡಿ ರೆಕ್ಕೆ ಮೂಡಿದ ನಾಲ್ಕು ರೆಕ್ಕೆಯ ಡ್ರೊಸೊಫಿಲವನ್ನು ಎಡ್ವರ್ಡ್ ಲೂಯಿಸ್ ಪ್ರಯೋಗಾಲಯದಲ್ಲಿ ಸೃಷ್ಟಿಸಿದ್ದರು, 1995ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಅಂಗರಚನೆ, ಬೆಳವಣಿಗೆಯ ತಳಿವಿಜ್ಞಾನ, ಡಿಎನ್‌ಎ ಮೂರೂ ಒಂದೇ ಕಡೆ ಬೆರಳು ಮಾಡಿದಂತೆ ಕಂಡದ್ದರಿಂದ ಈ ಊಹೆಗೆ ಆಕರ್ಷಣೆ ಹೆಚ್ಚಿತು. ಎರಡೂ ಗಣಗಳನ್ನು ಸೇರಿಸಿ ಹಾಲ್ಟೀರಿಯ ಎಂದು ಹೆಸರಿಟ್ಟದ್ದೂ ಆಯಿತು.

ಆಕ್ಷೇಪ ತಡವಾಗಲಿಲ್ಲ. 1995ರಲ್ಲಿ ಕಾರ್ಮಿಯನ್ ಮತ್ತು ಕ್ರೆಸ್ಪಿ, 1997ರಲ್ಲಿ ಜಾನ್ ಹ್ಯೂಲ್ಸನ್‌ಬೆಕ್, ಇದು ಫೆಲ್ಸೆನ್‌ಸ್ಟೀನ್ ಹೇಳಿದ ಬಲೆಯೇ ಇರಬಹುದೆಂದು ವಾದಿಸಿದರು. ರೈಬೋಸೋಮ್ ಜೀನುಗಳಲ್ಲಿ ಡಿಪ್ಟೆರ, ಸ್ಟ್ರೆಪ್ಸಿಪ್ಟೆರ ಎರಡೂ ಅಸಾಧಾರಣ ಉದ್ದದ ಕವಲುಗಳು. ಅದೇ 1997ರಲ್ಲಿ ಜರ್ಮನಿಯ ಮಾರ್ಕುಸ್ ಫ್ರೀಡ್ರಿಖ್ ಮತ್ತು ಡೈಥಾರ್ಡ್ ಟೌಟ್ಸ್, ಡಿಪ್ಟೆರ ಉದಯಿಸುವ ಹೊತ್ತಿಗೆ ಆ ಜೀನುಗಳು ಬದಲಾಗುವ ವೇಗ ಒಮ್ಮೆಲೇ ಏರಿ ಬಳಿಕ ಇಳಿಯಿತೆಂದು ತೋರಿಸಿದರು. ಅನುಕ್ರಮದಲ್ಲಿ ‘ಎ’ ಮತ್ತು ‘ಟಿ’ ಅಕ್ಷರಗಳ ಪಾಲೂ ಹೆಚ್ಚಿತ್ತು. ನಾಲ್ಕು ಅಕ್ಷರಗಳಲ್ಲಿ ಎರಡಕ್ಕೇ ಒಲವು ಬಂದರೆ ಆಕಸ್ಮಿಕ ಹೋಲಿಕೆ ಇನ್ನೂ ಹೆಚ್ಚುವುದು ಸಹಜ.

ತೀರ್ಮಾನಕ್ಕೆ ಹದಿನೈದು ವರ್ಷ ಹಿಡಿಯಿತು. ವಾದ ಮುಗಿಸಿದ್ದು ಚತುರ ಗಣಿತವಲ್ಲ, ಬೇರೆ ಜೀನುಗಳು. 2009ರಲ್ಲಿ ಬ್ರಯನ್ ವೀಗ್‌ಮನ್ ಮತ್ತಿತರರು ಪ್ರೋಟೀನ್ ತಯಾರಿಸುವ ಆರು ಜೀನುಗಳನ್ನು ಹೋಲಿಸಿದಾಗ ಸ್ಟ್ರೆಪ್ಸಿಪ್ಟೆರ ಜೀರುಂಡೆಗಳ ಪಕ್ಕಕ್ಕೆ ಮರಳಿತು. 2012ರಲ್ಲಿ ಮೆಂಗೆನಿಲ್ಲ ಎಂಬ ಸ್ಟ್ರೆಪ್ಸಿಪ್ಟೆರದ ಜೀನೋಮ್ ಓದಿದ ಓಲಿವರ್ ನೀಹುಯಿಸ್ ತಂಡ ಅದನ್ನು ಖಚಿತಪಡಿಸಿತು. ಹಾಲ್ಟಿಯರ್ ಎರಡು ಸಲ ಬೇರೆಬೇರೆಯಾಗಿ ವಿಕಾಸಗೊಂಡಿತ್ತು. ನನ್ನ ದೃಷ್ಟಿಯಲ್ಲಿ ನೊಣಗಳ ವಂಶಶೋಧನೆಯ ಅತ್ಯಂತ ಮುಖ್ಯ ಅಧ್ಯಾಯ ಇದು. ಇಡೀ ವೃಕ್ಷದ ಪ್ರಕಟಣೆಗಿಂತಲೂ.

ಹಾಗಾದರೆ ಡಿಪ್ಟೆರದ ನಿಜವಾದ ನೆರೆಯವರು ಯಾರು? 2014ರಲ್ಲಿ 144 ಪ್ರಭೇದಗಳ 1,478 ಜೀನುಗಳನ್ನು ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನ ಚೇಳುನೊಣಗಳನ್ನೂ ಚಿಗಟಗಳನ್ನೂ ಹೆಸರಿಸಿತು. ಚೇಳುನೊಣಕ್ಕೆ ನಾಲ್ಕು ರೆಕ್ಕೆ, ಗಂಡಿನ ಬಾಲ ಚೇಳಿನ ಕೊಂಡಿಯಂತೆ ಮೇಲಕ್ಕೆ ಮಡಚಿರುತ್ತದೆ. ಚಿಗಟ ಅವುಗಳ ಗುಂಪಿನೊಳಗಿಂದಲೇ ಬಂದದ್ದೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅಂಗರಚನೆಯ ತಜ್ಞರು ಮೊದಲಿಂದಲೂ ಇದೇ ನೆರೆಹೊರೆಯನ್ನು ಸೂಚಿಸಿದ್ದರು.

2011ರ ವೃಕ್ಷ

ಇಡೀ ಗಣದ ವೃಕ್ಷ ಕಟ್ಟಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ‘ಫ್ಲೈಟ್ರೀ’ ಯೋಜನೆ ನಡೆಯಿತು. ಉತ್ತರ ಕ್ಯಾರೊಲಿನಾದ ವೀಗ್‌ಮನ್, ಕ್ಯಾನ್‌ಬೆರಾದ ಡೇವಿಡ್ ಯೇಟ್ಸ್ ಮೊದಲಾದವರ ತಂಡ 157 ಕುಟುಂಬಗಳಲ್ಲಿ 149ರ ಪ್ರತಿನಿಧಿಗಳನ್ನು ಕಲೆಹಾಕಿತು. ಕೋಶಕೇಂದ್ರದ 14 ಜೀನುಗಳು, ಮೈಟೋಕಾಂಡ್ರಿಯಾದ ಪೂರ್ಣ ಜೀನೋಮ್‌ಗಳು, 371 ಅಂಗರಚನಾ ಲಕ್ಷಣಗಳು ಒಂದೇ ವಿಶ್ಲೇಷಣೆಗೆ ಸೇರಿದವು. ಅಂಗರಚನೆಯನ್ನು ಕೈಬಿಡದೆ ಜೀನಿನ ಜೊತೆಗೇ ತೂಗಿದ್ದು ಗಮನಿಸಬೇಕಾದ ಅಂಶ.

ಫಲಿತಾಂಶದ ಪ್ರಕಾರ ಡಿಪ್ಟೆರದ ಆರಂಭ ಸುಮಾರು 26 ಕೋಟಿ ವರ್ಷಗಳ ಹಿಂದೆ. ಬಳಿಕ ಮೂರು ಬಾರಿ, ಸುಮಾರು 22 ಕೋಟಿ, 18 ಕೋಟಿ ಮತ್ತು 6.5 ಕೋಟಿ ವರ್ಷಗಳ ಹಿಂದೆ, ಸ್ವಲ್ಪ ಕಾಲದಲ್ಲೇ ಅನೇಕ ಕವಲುಗಳು ಒಡೆದವು. ಮೂರನೆಯದು ಸ್ಕೈಜೊಫೊರದ ಸ್ಫೋಟ, ಡೈನೊಸಾರುಗಳು ಅಳಿದ ಹೊತ್ತಿನದು. ಇಂಥ ಕಾಲನಿರ್ಣಯಕ್ಕೆ ಪಳೆಯುಳಿಕೆಗಳೇ ಆಧಾರ: ಫ್ರಾನ್ಸಿನ ವೋಜ್ ಪ್ರದೇಶದ, ಸುಮಾರು 24 ಕೋಟಿ ವರ್ಷ ಹಳೆಯ ಗ್ರೊವೊಗೆಲಿಯ ಈ ಗಣದ ಅತಿ ಪ್ರಾಚೀನ ಕುರುಹುಗಳಲ್ಲೊಂದು. ಜೀನುಗಳು ದೂರವನ್ನು ಅಳೆಯುತ್ತವೆ. ಆ ದೂರವನ್ನು ವರ್ಷಗಳಾಗಿ ಓದಲು ಕಲ್ಲಿನ ಸಾಕ್ಷಿ ಬೇಕೇ ಬೇಕು.

ವೃಕ್ಷದ ಬುಡದಲ್ಲಿ ಉಳಿದೆಲ್ಲವುಗಳಿಂದ ಬೇರೆಯಾಗಿ ನಿಂತದ್ದು ಡ್ಯೂಟೆರೊಫ್ಲೆಬಿಡೆ ಮತ್ತು ನಿಂಫೊಮೈಯಿಡೆ ಎಂಬ ಎರಡು ಚಿಕ್ಕ ಕುಟುಂಬಗಳು, ರಭಸದ ಬೆಟ್ಟದ ಹೊಳೆಗಳಲ್ಲಿ ಬೆಳೆಯುವಂಥವು. ಡ್ಯೂಟೆರೊಫ್ಲೆಬಿಯವನ್ನು ವಿಜ್ಞಾನಕ್ಕೆ ಪರಿಚಯಿಸಿದ ಮಾದರಿ ಕಾಶ್ಮೀರದ್ದು, 1922ರಲ್ಲಿ ಎಡ್ವರ್ಡ್ಸ್ ಅದನ್ನು ವರ್ಣಿಸಿದರು. ಪ್ರೌಢ ಕೀಟಕ್ಕೆ ಬಾಯಿಯ ಅಂಗಗಳಿಲ್ಲ, ಬದುಕು ಕೆಲವೇ ಗಂಟೆ. ಇಷ್ಟು ವಿಚಿತ್ರ ಕೀಟಗಳು ಬುಡಕ್ಕೆ ಬಂದಾಗ ಅನುಮಾನವೂ ಏಳುತ್ತದೆ. ಇವು ನಿಜಕ್ಕೂ ಮೊದಲ ಕವಲೇ, ಅಥವಾ ಇಲ್ಲಿಯೂ ಉದ್ದ ಕವಲಿನ ಸೆಳೆತವೇ? ಉದ್ದ ಕಾಲಿನ ಟಿಪುಲ ಬಳಗವನ್ನು ಬುಡದಲ್ಲಿ ಇರಿಸುವ ಹಳೆಯ ವಾದ ಇನ್ನೂ ಪೂರ್ತಿ ಸತ್ತಿಲ್ಲ.

ಕುತೂಹಲ ಕೆರಳಿಸಿದ ನಂಟು ಮರದ ಮೇಲ್ತುದಿಯಲ್ಲೂ ಇತ್ತು. ಡ್ರೊಸೊಫಿಲ ಕುಟುಂಬದ ಸಮೀಪ ಬ್ರೌಲ ಬಂದು ಕೂತಿತು. ಇದು ಜೇನುಹುಳುವಿನ ಮೈಮೇಲೆ ಅಂಟಿಕೊಂಡು ಅದರ ಬಾಯಿಂದಲೇ ಆಹಾರ ಕದಿಯುವ, ರೆಕ್ಕೆಯಿಲ್ಲದ, ಹೇನಿನಂತೆ ಕಾಣುವ ಜೀವಿ. ಪಕ್ಕದಲ್ಲೇ ಕ್ರಿಪ್ಟೊಕೀಟಂ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ಹಿಟ್ಟುತಿಗಣೆಯಂಥ ಐಸೀರಿಯ ಕೀಟವನ್ನು ಹತೋಟಿಗೆ ತರಲು ಆಸ್ಟ್ರೇಲಿಯಾದಿಂದ ತರಿಸಿದ ನೊಣ. ಅಂಗಗಳು ಕಳೆದುಹೋದ ಪರಾವಲಂಬಿಗಳ ನಂಟು ಹುಡುಕುವುದರಲ್ಲೇ ಜೀನುಗಳ ಬಲ ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿ ಹೋಲಿಸಲು ಅಂಗವೇ ಉಳಿದಿರುವುದಿಲ್ಲ. ಕೀನ್ಯಾದ ಉಕಾಜಿ ಬೆಟ್ಟದ ಒಂದು ಬಂಡೆ ಸೀಳಿನಲ್ಲಿ, ಬಾವಲಿಯ ಹಿಕ್ಕೆಯ ಮೇಲೆ ಬದುಕುವ, ಮೈತುಂಬ ರೋಮದ, ಹಾರಲಾಗದ ಮೊರ್ಮೊಟೊಮೈಯ 1936ರಲ್ಲಿ ಹೆಸರು ಪಡೆದಾಗ ಯಾವ ಬಳಗಕ್ಕೂ ಹೊಂದಲಿಲ್ಲ. 2010ರಲ್ಲಿ ಮತ್ತೆ ಸಿಕ್ಕ ಮಾದರಿಗಳಿಂದ ಅದೂ ಡ್ರೊಸೊಫಿಲದ ದೂರದ ಬಂಧು, ಎಫಿಡ್ರಾಯ್ಡಿಯ ಬಳಗದ್ದು ಎಂದು ತಿಳಿಯಿತು.

ಸಾವಿರಾರು ಜೀನುಗಳ ಇತ್ತೀಚಿನ ಅಧ್ಯಯನಗಳು 2011ರ ಚಿತ್ರದ ಮಸುಕು ಭಾಗಗಳನ್ನು ತಿದ್ದುತ್ತಿವೆ. ಹೂನೊಣವೂ ತಲೆತುಂಬ ಕಣ್ಣಿರುವ ಪಿಪುಂಕುಲಿಡೆಯೂ ಅವಳಿ ಕುಟುಂಬಗಳೆಂಬ ಪಠ್ಯಪುಸ್ತಕದ ಮಾತು 2018ರಲ್ಲಿ ಬಿದ್ದಿತು. ಎರಡನೆಯದು ಸ್ಕೈಜೊಫೊರಕ್ಕೇ ಹತ್ತಿರ. ಮನೆನೊಣ, ಮಾಂಸದ ನೊಣಗಳ ಕ್ಯಾಲಿಪ್ಟ್ರೇಟ್ ಬಳಗದ ನೆರೆ ಎಫಿಡ್ರಾಯ್ಡಿಯ ಎಂದು 2021ರ ಅಧ್ಯಯನ ದೃಢಪಡಿಸಿತು. ತ್ಸೆತ್ಸೆ ನೊಣ, ನಾಯಿಯ ಮೈಗೆ ಅಂಟುವ ಹಿಪ್ಪೊಬೊಸ್ಕ, ಬಾವಲಿ ನೊಣಗಳು ಒಂದೇ ಮನೆತನದವು. ತಾಯಿ ಒಂದೊಂದೇ ಮರಿಹುಳುವನ್ನು ಹೊಟ್ಟೆಯೊಳಗೆ ಹಾಲಿನಂಥ ದ್ರವ ಉಣಿಸಿ ಬೆಳೆಸುವ ಅಪರೂಪದ ಗುಣವನ್ನು ಇವೆಲ್ಲ ಹಂಚಿಕೊಂಡಿವೆ. ಇಲ್ಲಿ ಜೀನೂ ಅಂಗವೂ ತಕರಾರಿಲ್ಲದೆ ಒಪ್ಪಿದವು. ಕ್ಯಾಲಿಪ್ಟ್ರೇಟ್‌ಗಳ ಮೇಲಿನ ಮುಖ್ಯ ಕೆಲಸ ಸಿಂಗಪುರದಲ್ಲಿ ಸುಜಾತಾ ನಾರಾಯಣನ್ ಕುಟ್ಟಿ, ರುಡಾಲ್ಫ್ ಮೈಯರ್ ಮತ್ತವರ ಜೊತೆಗಾರರದ್ದು.

ಬೆರೆತ ವಂಶಗಳು

ಮರವೆಂಬ ಕಲ್ಪನೆಯೇ ಸಾಲದೆ ಹೋಗುವ ಸಂದರ್ಭವೂ ಇದೆ. ಆಫ್ರಿಕದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆ ಒಂದೇ ಪ್ರಭೇದವೆಂದು ಬಹುಕಾಲ ತಿಳಿಯಲಾಗಿತ್ತು. 1960ರ ದಶಕದ ತಳಿ ಪ್ರಯೋಗಗಳಲ್ಲಿ ಮಿಶ್ರ ಗಂಡುಗಳು ಬಂಜೆಯಾದಾಗ ಅದು ನೋಟಕ್ಕೆ ಒಂದೇ ಆದ ಹಲವು ಪ್ರಭೇದಗಳ ಕೂಟವೆಂದು ತಿಳಿಯಿತು. 2015ರಲ್ಲಿ ಮೈಕೆಲ್ ಫೊಂಟೇನ್ ಮತ್ತಿತರರು ಈ ಕೂಟದ ಪೂರ್ಣ ಜೀನೋಮ್‌ಗಳನ್ನು ಹೋಲಿಸಿದರು. ಜೀನೋಮ್‌ನ ಬಹುಭಾಗ ಗ್ಯಾಂಬಿಯೆಯನ್ನೂ ಅರೇಬಿಯೆನ್ಸಿಸ್ ಸೊಳ್ಳೆಯನ್ನೂ ಹತ್ತಿರದ ನಂಟರೆಂದಿತು. ಎಕ್ಸ್ ವರ್ಣತಂತು ಮಾತ್ರ ಅವು ಬೇರೆಬೇರೆ ಕವಲಿನವು ಎಂದಿತು. ಸಂಶೋಧಕರು ಒಪ್ಪಿದ್ದು ಅಲ್ಪಮತದ ಸಾಕ್ಷಿಯನ್ನು. ಬೇರೆಯಾದ ಮೇಲೂ ಎರಡು ಪ್ರಭೇದಗಳು ಆಗಾಗ ಕೂಡಿ ಜೀನುಗಳನ್ನು ಹಂಚಿಕೊಂಡಿದ್ದವು. ಮಿಶ್ರ ಸಂತಾನದಲ್ಲಿ ತೊಡಕು ತರುವ ಜೀನುಗಳು ಹೆಚ್ಚಾಗಿರುವ ಎಕ್ಸ್ ಮಾತ್ರ ಆ ಬೆರಕೆಯನ್ನು ತಡೆದು ಮೂಲ ಕವಲಿನ ಗುರುತು ಉಳಿಸಿಕೊಂಡಿತ್ತು. ಹೆಚ್ಚು ಜೀನುಗಳು ಹೇಳಿದ್ದೇ ಸರಿ ಎಂದು ಎಣಿಸಿ ತೀರ್ಮಾನಿಸುವ ಪದ್ಧತಿಗೆ ಇದು ಬಿದ್ದ ಪೆಟ್ಟು. ಈ ಬೆರಕೆ ಸೊಳ್ಳೆಗಷ್ಟೇ ಸೀಮಿತವೂ ಅಲ್ಲ. ಡ್ರೊಸೊಫಿಲದ 155 ಜೀನೋಮ್‌ಗಳ 2022ರ ಅಧ್ಯಯನದಲ್ಲಿ ಅಂಥ ಕುರುಹುಗಳು ಮರದ ಎಲ್ಲ ಕಡೆ ಸಿಕ್ಕಿದವು.

ಹೆಸರಿನ ಜಗಳ, ಮಾವಿನ ನೊಣ

ಡ್ರೊಸೊಫಿಲ ಕುಲದೊಳಗೆ ಇನ್ನೊಂದು ಬಗೆಯ ಇಕ್ಕಟ್ಟು. ಬೇರೆ ಹೆಸರಿನ ಹಲವು ಕುಲಗಳು, ಉದಾಹರಣೆಗೆ ಜಪ್ರಿಯೋನಸ್, ಸ್ಕ್ಯಾಪ್ಟೊಮೈಜ, ಡ್ರೊಸೊಫಿಲದ ನಡುವಿನಿಂದಲೇ ಕವಲೊಡೆದಿವೆ. ಹೆನ್ನಿಗ್ ತರ್ಕ ಪಾಲಿಸಿದರೆ ಕುಲವನ್ನು ಒಡೆಯಬೇಕು. ಆಗ ಹೆಸರು ಉಳಿಯುವುದು ಆದರ್ಶ ಪ್ರಭೇದವಾದ ಡ್ರೊಸೊಫಿಲ ಫ್ಯುನೆಬ್ರಿಸ್ ಇರುವ ಪಾಲಿಗೆ, ಲಕ್ಷಾಂತರ ಪ್ರಬಂಧಗಳ ಡ್ರೊಸೊಫಿಲ ಮೆಲನೊಗ್ಯಾಸ್ಟರ್ ‘ಸೊಫೊಫೊರ ಮೆಲನೊಗ್ಯಾಸ್ಟರ್’ ಆಗಬೇಕು. ಇದನ್ನು ತಪ್ಪಿಸಲು ಮೆಲನೊಗ್ಯಾಸ್ಟರನ್ನೇ ಆದರ್ಶ ಪ್ರಭೇದ ಮಾಡಿ ಎಂಬ ಮನವಿಯನ್ನು ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ತಿರಸ್ಕರಿಸಿತು. ಕುಲವನ್ನು ಒಡೆಯಲು ಮಾತ್ರ ಹೆಚ್ಚಿನವರು ಮುಂದಾಗಿಲ್ಲ, ಹೀಗಾಗಿ ಹೆಸರೂ ಗೊಂದಲವೂ ಒಟ್ಟಿಗೆ ಉಳಿದಿವೆ.

ಹೆಸರಿಗೆ ಹಣದ ಬೆಲೆ ಬರುವುದು ಬ್ಯಾಕ್ಟ್ರೊಸೆರ ನೊಣಗಳಲ್ಲಿ. ಮಾವಿನ ಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಬ್ಯಾಕ್ಟ್ರೊಸೆರ ಡಾರ್ಸಾಲಿಸ್ ಕರ್ನಾಟಕದ ಬೆಳೆಗಾರರಿಗೂ ಪರಿಚಿತ ಪೀಡೆ. 2003ರಲ್ಲಿ ಕೀನ್ಯಾದಲ್ಲಿ ಕಂಡು ಆಫ್ರಿಕದಲ್ಲಿ ವೇಗವಾಗಿ ಹರಡಿದ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಪ್ರಭೇದದ ಹೆಸರು ಬಂತು. ಆಗ್ನೇಯ ಏಷ್ಯದಲ್ಲಿ ಪಪಾಯೆ, ಫಿಲಿಪ್ಪಿನೆನ್ಸಿಸ್ ಎಂಬ ಹೆಸರುಗಳು ಮೊದಲೇ ಇದ್ದವು. ಹೆಸರು ಬೇರೆಯಾದರೆ ಹಣ್ಣಿನ ರಫ್ತಿನ ನಿರ್ಬಂಧವೂ ಬೇರೆ. ಡಿಎನ್‌ಎ, ಅಂಗರಚನೆ, ಗಂಡುಗಳ ವಾಸನೆಯ ರಸಾಯನ, ಕೂಡುವಿಕೆಯ ಪ್ರಯೋಗ ಎಲ್ಲವನ್ನೂ ಸೇರಿಸಿ ನೋಡಿದ ತಜ್ಞರು 2015ರ ಪ್ರಬಂಧದಲ್ಲಿ ಈ ಮೂರನ್ನೂ ಡಾರ್ಸಾಲಿಸ್‌ನೊಳಗೇ ಸೇರಿಸಿದರು.

ಮೈಟೋಕಾಂಡ್ರಿಯಾದ ಸಿಒಐ ಜೀನಿನ 658 ಅಕ್ಷರಗಳ ತುಣುಕಿನಿಂದಲೇ ಪ್ರಭೇದ ಗುರುತಿಸುವ ಬಾರ್‌ಕೋಡ್ ವಿಧಾನ 2003ರಿಂದ ಜನಪ್ರಿಯ. ನೊಣಗಳಲ್ಲಿ ಅದರ ಸಾಧನೆ ಮಿಶ್ರ. 449 ಪ್ರಭೇದಗಳ ಅನುಕ್ರಮಗಳನ್ನು ಪರೀಕ್ಷಿಸಿದ ಮೈಯರ್ ತಂಡಕ್ಕೆ 2006ರಲ್ಲಿ ಸರಿಯಾದ ಗುರುತು ಸಿಕ್ಕದ್ದು ನೂರಕ್ಕೆ 70ಕ್ಕಿಂತ ಕಡಿಮೆ ಸಲ. ಆದರೂ ಹೆಸರೇ ಇಲ್ಲದ ಕೀಟಗಳನ್ನು ಎಣಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. 2016ರಲ್ಲಿ ಕೆನಡಾದ ಬಾರ್‌ಕೋಡ್‌ಗಳನ್ನು ಲೆಕ್ಕ ಹಾಕಿದಾಗ ಗಂಟುನೊಣಗಳ ಒಂದೇ ಕುಟುಂಬದಲ್ಲಿ, ಆ ಒಂದೇ ದೇಶದಲ್ಲಿ, ಸುಮಾರು 16,000 ಪ್ರಭೇದಗಳಿರಬಹುದೆಂಬ ಅಂದಾಜು ಬಂತು. ಜಗತ್ತಿನಾದ್ಯಂತ ಈ ಕುಟುಂಬದಲ್ಲಿ ಹೆಸರು ಪಡೆದವು ಅದರ ಅರ್ಧಕ್ಕೂ ಕಡಿಮೆ. ಬಾರ್‌ಕೋಡ್‌ನ ಚಿಕ್ಕ ತುಣುಕು ಹಳೆಯ ಕವಲುಗಳನ್ನು ಬಿಡಿಸಲಾರದು. ಅದಕ್ಕಾಗಿ ಈಗ ಸಾವಿರಾರು ಜೀನುಗಳಿಂದ ಕೆಲವೇ ಪ್ರಭೇದಗಳ ಬೆನ್ನೆಲುಬು ವೃಕ್ಷವನ್ನು ಕಟ್ಟಿ ಸ್ಥಿರಗೊಳಿಸಿ, ಬಾರ್‌ಕೋಡ್ ಮಾತ್ರ ಇರುವ ಉಳಿದವುಗಳನ್ನು ಅದರ ಕೊಂಬೆಗಳಿಗೆ ಒಂದೊಂದಾಗಿ ಸೇರಿಸಲಾಗುತ್ತಿದೆ.